ಇಂಡಕ್ಷನ್ ಒಲೆ, 3 ಲೀಟರ್ ಕುಕ್ಕರ್, 500 ವಾಟ್ ಮಿಕ್ಸಿ: ಇಷ್ಟರಲ್ಲೇ ಸಾರು, ಮುದ್ದೆ, ಇಡ್ಲಿ ಸರಿಯಾಗಿ ಆಗುತ್ತಾ?

ಹೊಸ ಒಲೆ
ಊರು ಬೆಂಗಳೂರು, ಗ್ಯಾಸ್ ಇಲ್ಲ, ಬೋರ್‌ವೆಲ್ ನೀರು. ಇರೋದು 1800 ವಾಟ್‌ನ ಇಂಡಕ್ಷನ್ ಒಲೆ, 3 ಲೀಟರ್ ಸ್ಟೀಲ್ ಕುಕ್ಕರ್, 500 ವಾಟ್ ಮಿಕ್ಸಿ, ಒಂದು ಬಾಣಲೆ. ದೊಡ್ಡ ಅಡುಗೆ ಏನೂ ಬೇಡ. ಅನ್ನ, ತಿಳಿಸಾರು, ವಾರಕ್ಕೆರಡು ಸಲ ಮುದ್ದೆ, ಭಾನುವಾರ ಇಡ್ಲಿ. ನಾಲ್ಕು ಸೀಟಿ ಕೂಗಿಸಿದರೂ ತೊಗರಿಬೇಳೆ ಕಾಳುಕಾಳಾಗೇ ಇರುತ್ತೆ, ಅದೇ ಕುಕ್ಕರಿನಲ್ಲಿ ಅನ್ನ ಮಾತ್ರ ಅಂಬಲಿ ಆಗುತ್ತೆ. ಯಾಕೆ? ಇಂಡಕ್ಷನ್ ಮೇಲೆ ಮುದ್ದೆ ತಿರುವಬಹುದಾ? ಮಿಕ್ಸಿ ಹಿಟ್ಟಿನ ಇಡ್ಲಿ ಕಲ್ಲಾಗದೆ ಇರೋಕೆ ಏನು ಮಾಡಬೇಕು, ಗ್ರೈಂಡರ್ ತಗೊಳ್ಳಲೇಬೇಕಾ?

ಸಾರಿನ ಸೌಟು
ಮೊದಲು ಬೇಳೆ. ಬೇಳೆ ಬೇಯದಿರೋಕೆ ಮೂರು ಕಾರಣ. ನಿಮ್ಮಲ್ಲಿ ಬಹುಶಃ ಮೊದಲನೆಯದೇ ಇರಬೇಕು.

ಒಂದು, ಗಡುಸು ನೀರು. ಬೋರ್‌ವೆಲ್ ನೀರಿನಲ್ಲಿರೋ ಕ್ಯಾಲ್ಸಿಯಂ ಬೇಳೆಯ ಪೆಕ್ಟಿನ್ ಜೊತೆ ಸೇರಿ ಅದನ್ನ ಬಿಗಿ ಮಾಡುತ್ತೆ. ಎಷ್ಟು ಸೀಟಿ ಕೂಗಿಸಿದರೂ ಹೊರಗೆ ಸವೆಯುತ್ತೆ, ಒಳಗೆ ಕಾಳು ಹಾಗೇ ಇರುತ್ತೆ. ತೊಳೆಯೋದು ಯಾವ ನೀರಲ್ಲಾದರೂ ತೊಳೀರಿ, ನೆನೆಸೋದು ಮತ್ತು ಬೇಯಿಸೋದು ಮಾತ್ರ ಗಡುಸು ತೆಗೆಯೋ ಆರ್‌ಒ ಫಿಲ್ಟರ್ ನೀರಲ್ಲಿ. ಎರಡು, ಹುಳಿ. ಹುಣಸೆ, ಟೊಮೆಟೊ ಯಾವುದನ್ನೂ ಬೇಳೆ ಜೊತೆ ಕುಕ್ಕರಿಗೆ ಹಾಕಬೇಡಿ. ಹುಳಿ ಇದ್ದರೂ ಬೇಳೆ ಕರಗಲ್ಲ. ಮೂರು, ಹಳೇ ಬೇಳೆ. ವರ್ಷ ದಾಟಿದ ಬೇಳೆಗೆ ನೆನೆಸೋದೊಂದೇ ದಾರಿ. ಬಿಸಿ ನೀರಲ್ಲಿ ಅರ್ಧ ಗಂಟೆ.

ಅಳತೆ: ಕಾಲು ಲೋಟ ಬೇಳೆಗೆ ಮುಕ್ಕಾಲು ಲೋಟ ನೀರು, ಚಿಟಿಕೆ ಅರಿಶಿನ, ಅರ್ಧ ಚಮಚ ಎಣ್ಣೆ. ಎಣ್ಣೆ ಹಾಕೋದು ರುಚಿಗಲ್ಲ, ನೊರೆ ಉಕ್ಕದಿರಲಿ ಅಂತ. ನೊರೆ ಉಕ್ಕಿದರೆ ಅದೇ ಹೋಗಿ ವೆಂಟ್ ತೂತಿಗೆ ಕೂರುತ್ತೆ.

ವಾಷರ್ ಅಂಗಡಿ
ಸೀಟಿ ಲೆಕ್ಕದ ಬಗ್ಗೆ ಒಂದು ಮಾತು. ಸೀಟಿ ಗಡಿಯಾರ ಅಲ್ಲ. ಒಳಗಿನ ಒತ್ತಡ ಜಾಸ್ತಿ ಆಯ್ತು, ಹೊರಗೆ ಬಿಟ್ಟೆ ಅಂತ ಅಷ್ಟೇ ಅದು ಹೇಳೋದು. ಪೂರ್ತಿ ಒತ್ತಡದಲ್ಲಿ ಕುಕ್ಕರ್ ಒಳಗೆ 120 ಡಿಗ್ರಿ ಹತ್ತಿರ ಇರುತ್ತೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ತೆರೆದ ಪಾತ್ರೆಯಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತೆ. ವ್ಯತ್ಯಾಸ ಅಷ್ಟಿದೆ. ಆ 120ರಲ್ಲಿ ಬೇಳೆ ಎಷ್ಟು ನಿಮಿಷ ಕೂತಿತ್ತು ಅನ್ನೋದೇ ಮುಖ್ಯ. ಇಂಡಕ್ಷನ್ 1800ರಲ್ಲಿಟ್ಟರೆ ನಾಲ್ಕು ನಿಮಿಷದಲ್ಲಿ ನಾಲ್ಕು ಸೀಟಿ ಬರುತ್ತೆ. ಬೇಳೆಗೆ ಇನ್ನೂ ಬಿಸಿ ತಟ್ಟಿರಲ್ಲ.

ಹೀಗೆ ಮಾಡಿ: ಕುಕ್ಕರ್ ತಳಕ್ಕೆ ಒಂದೂವರೆ ಲೋಟ ನೀರು. ಕೆಳಗಿನ ಡಬ್ಬಿಯಲ್ಲಿ ಅಳತೆ ನೀರಿನ ಸಮೇತ ಬೇಳೆ, ಮೇಲಿನದರಲ್ಲಿ ಅಕ್ಕಿ. ಮುಚ್ಚಳ ಹಾಕಿ, ವೆಯಿಟ್ (ಸೀಟಿ ಕೂಗೋ ತೂಕ) ಹಾಕದೆ 1200 ವಾಟ್‌ನಲ್ಲಿಡಿ. ಉಗಿ ಒಂದೇ ಸಮನೆ ರಭಸವಾಗಿ ಬರೋಕೆ ಶುರುವಾದ ಮೇಲೆ ವೆಯಿಟ್. ಮೊದಲೇ ವೆಯಿಟ್ ಹಾಕಿದರೆ ಗಾಳಿ ಒಳಗೇ ಉಳಿದು ಸೀಟಿ ಬೇಗ ಬರುತ್ತೆ, ಶಾಖ ಮಾತ್ರ ಏರಿರಲ್ಲ. ಮೊದಲ ಸೀಟಿ ಬಂದ ಕೂಡಲೇ 400ಕ್ಕೆ ಇಳಿಸಿ, ಅಲ್ಲಿಂದ 10 ನಿಮಿಷ. ಆಫ್ ಮಾಡಿ, ಒತ್ತಡ ತಾನಾಗಿ ಇಳಿಯಲಿ. ಚಮಚದಿಂದ ವೆಯಿಟ್ ಎತ್ತಿ ಉಗಿ ಬಿಡೋರಿಗೇ ಅರ್ಧ ಬೆಂದ ಬೇಳೆ ಸಿಗೋದು. ಕೊನೆಯ ಹತ್ತು ನಿಮಿಷವೂ ಬೇಯೋ ಹೊತ್ತೇ.

ಅನ್ನ ಅಂಬಲಿ ಆಗೋದು ನೀರಿನಿಂದ. ಸೋನಾ ಮಸೂರಿ ಒಂದು ಲೋಟಕ್ಕೆ ಎರಡು ಲೋಟ ನೀರು. ಅರ್ಧ ಗಂಟೆ ನೆನೆಸಿದ್ದರೆ ಕಾಲು ಲೋಟ ಕಡಿಮೆ. ಹೊಸ ಅಕ್ಕಿಗೆ ಇನ್ನೂ ಕಡಿಮೆ ಸಾಕು. ಮೂಟೆ ಬದಲಾದಾಗಲೆಲ್ಲ ಒಂದು ದಿನ ಅನ್ನ ಕೆಡೋದು ಅದಕ್ಕೇ.

ಹೊಸ ಒಲೆ
ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಗ ಬೇಯುತ್ತೆ ಅಂತಾರಲ್ಲ?

ಸಾರಿನ ಸೌಟು
ಬೇಯುತ್ತೆ. ಜೊತೆಗೆ ಬಿ1 ವಿಟಮಿನ್ ಹಾಳಾಗುತ್ತೆ, ಸಾರಿಗೆ ಸೋಪಿನ ವಾಸನೆ ಬರುತ್ತೆ. ಫಿಲ್ಟರ್ ನೀರು ಇರೋವಾಗ ಯಾಕೆ ಬೇಕು?

ಈಗ ತಿಳಿಸಾರು, ಮೂರು ಜನಕ್ಕೆ. ನೆಲ್ಲಿಕಾಯಿ ಗಾತ್ರದ ಹುಣಸೆ ನೆನೆಸಿ ಕಿವುಚಿ ಎರಡು ಲೋಟ ನೀರು ಮಾಡಿ. ಒಂದು ಟೊಮೆಟೊ, ಉಪ್ಪು, ಅರಿಶಿನ, ಒಂದು ಚಮಚ ಸಾರಿನ ಪುಡಿ, ಅಡಿಕೆಯಷ್ಟು ಬೆಲ್ಲ ಹಾಕಿ ಏಳೆಂಟು ನಿಮಿಷ ಕುದಿಸಿ. ಹುಣಸೆಯ ಹಸಿ ವಾಸನೆ ಹೋಗೋದು ಇಲ್ಲೇ, ಆಮೇಲೆ ಹೋಗಲ್ಲ. ಬೆಂದ ಬೇಳೆ ಕಡೆದು ಎರಡು ಲೋಟ ನೀರು ಸೇರಿಸಿ, ಆ ಬೇಳೆ ನೀರನ್ನ ಇದಕ್ಕೆ ಬಿಡಿ. ಕೊನೆಗೆ ಇನ್ನೊಂದು ಚಮಚ ಸಾರಿನ ಪುಡಿ. ಅಂಚಲ್ಲಿ ನೊರೆ ಎದ್ದು ಮೇಲಕ್ಕೆ ಬರುತ್ತೆ ನೋಡಿ, ಆವಾಗಲೇ ಇಳಿಸಬೇಕು. ಬೇಳೆ ಹಾಕಿದ ಮೇಲೆ ಕೊತಕೊತ ಕುದಿಸಿದರೆ ಕೊತ್ತಂಬರಿ ಜೀರಿಗೆಯ ಘಮವೆಲ್ಲ ಉಗಿಯಾಗಿ ಹೋಗಿ, ಉಳಿಯೋದು ಕೆಂಪು ನೀರು. ಅಂಗಡಿ ಪುಡಿ ಸರಿಯಿಲ್ಲ ಅಂತ ಬೈಯೋರು ಹೆಚ್ಚಿನ ಸಲ ಮಾಡೋ ತಪ್ಪು ಇದೇ.

ಖಡಕ್ ರೊಟ್ಟಿ
ಪುಡಿ ಮನ್ಯಾಗ ಮಾಡ್ಕೊಳ್ರಿ, ಅರ್ಧ ತಾಸಿನ ಕೆಲಸ. ಧನಿಯಾ 100 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ 70, ಜೀರಿಗೆ 25, ಕರಿಮೆಣಸು 15, ಮೆಂತ್ಯ 8, ಸಾಸಿವಿ 8, ಒಂದು ಹಿಡಿ ಕರಿಬೇವು, ಇಂಗು. ಎಲ್ಲಾ ಬ್ಯಾರೆ ಬ್ಯಾರೆ ಹುರೀರಿ. ಮೆಂತ್ಯ ಕೆಂಪಗಾದ ತಕ್ಷಣ ತೆಗೀಬೇಕು. ಕಂದಾಯ್ತು ಅಂದ್ರ ಇಡೀ ಡಬ್ಬಿ ಕಹಿ. ಮೆಣಸಿನಕಾಯಿ ಗರಿಗರಿ ಆಗೂ ಮಟ ಸಾಕು, ಬಣ್ಣ ಕಪ್ಪಗಾಗಬಾರದು. ಬ್ಯಾಡಗಿಯೊಳಗ ಬಣ್ಣ ಜಾಸ್ತಿ, ಖಾರ ಕಮ್ಮಿ. ಖಾರ ಬೇಕಂದ್ರ ಗುಂಟೂರು ನಾಕು ಸೇರಸ್ರಿ. ಸುಕ್ಕು ಸುಕ್ಕಾಗಿರೂ ಕಡ್ಡಿ ಬ್ಯಾಡಗಿ ತಗೋರಿ. ಸಪಾಟಾಗಿ ಹೊಳೆಯೂದು ಬ್ಯಾರೆ ತಳಿ ಇರ್ತದ, ಅದೇ ಹೆಸರಲೆ ಮಾರ್ತಾರ.

ಪೂರಾ ಆರಿದ ಮ್ಯಾಲೇ ಮಿಕ್ಸಿಗೆ. ಬಿಸಿ ಇದ್ದಾಗ ಹಾಕಿದ್ರ ಉಗಿ ಕಟ್ಟಿ ಗಂಟಾಗ್ತದ, ತಿಂಗಳದಾಗ ಬೂಸ್ಟು. ಪುಡಿಯಾದ ಮ್ಯಾಲೆ ಎರಡು ನಿಮಿಷ ಮುಚ್ಚಳ ತೆಗೀಬ್ಯಾಡ್ರಿ, ಇಲ್ಲಾಂದ್ರ ಇಡೀ ಮನಿ ಸೀನ್ತದ.

ಬೆಲ್ಲದ ಬಗ್ಗೆ ಜಗಳ ಬ್ಯಾಡ. ನಮ್ಮ ಕಡೆ ಸಾರಿಗೆ ಬೆಲ್ಲ ಹಾಕೂದು ಕಮ್ಮಿ, ಹಾಕಿದವರಿಗೆ ಹಾಕ್ಲಿ ಬಿಡ್ರಿ.

ಮುದ್ದೆ ಕೋಲು
ಮುದ್ದೆ ವಿಚಾರಕ್ಕೆ ಬರೋಣ. ಇಂಡಕ್ಷನ್ ಮೇಲೆ ಎಸರು ಇಡಬಹುದು, ಹಿಟ್ಟು ಬೇಯಿಸಬಹುದು. ಆದ್ರೆ ತಿರುವೋದು ಮಾತ್ರ ಅದರ ಮೇಲೆ ಬೇಡ ಕಣ್ರೀ. ಮುದ್ದೆ ಕೋಲಲ್ಲಿ ಒತ್ತಿ ಕುಟ್ಟಿದರೆ ಗಾಜು ಬಿರುಕು ಬಿಡ್ತದೆ. ಪಾತ್ರೆ ಕೆಳಗಿಳಿಸಿ, ಮಡಿಸಿದ ಗೋಣಿಚೀಲದ ಮೇಲಿಟ್ಟು, ತುದಿ ಕವಲಾಗಿರೋ ಕವೆಗೋಲಲ್ಲಿ ಒತ್ತಿ ಹಿಡ್ಕೊಂಡು ತಿರುವಿ. ಕವೆಗೋಲು ಇಲ್ದಿದ್ರೆ ಎರಡು ಕಾಲಲ್ಲಿ ಬಟ್ಟೆ ಸುತ್ತಿ ಪಾತ್ರೆ ಅಮುಕ್ಕೊಳ್ಳಿ. ಗುಂಡು ತಳದ ಪಾತ್ರೆ ಇಂಡಕ್ಷನ್ನಿಗೆ ಆಗಲ್ಲ. ಚಪ್ಪಟೆ ತಳದ ದಪ್ಪ ಸ್ಟೀಲ್ ಪಾತ್ರೆ ತಗೊಳ್ಳಿ.

ಒಂದು ಲೋಟ ಹಿಟ್ಟು, ಎರಡು ಲೋಟ ನೀರು. ಲೋಟ ಯಾವುದಾದ್ರೂ ಸರಿ, ಎರಡಕ್ಕೂ ಅದೇ ಲೋಟ ಇರ್ಬೇಕು. ಎರಡು ಮುದ್ದೆ ಆಯ್ತದೆ. ನೀರಿಗೆ ಕಾಲು ಚಮಚ ಉಪ್ಪು, ಒಂದು ಚಮಚ ಹಿಟ್ಟು ತಣ್ಣೀರಲ್ಲಿ ಕದಡಿ ಹಾಕಿ ಮರಳಕ್ಕೆ ಬಿಡಿ. ಆ ಒಂದು ಚಮಚ ಗಂಜಿ ಇದ್ರೆ ಆಮೇಲೆ ಹಿಟ್ಟು ಗಂಟು ಕಟ್ಟೋದು ಕಮ್ಮಿ. ಎಸರು ಚೆನ್ನಾಗಿ ಮರಳುವಾಗ ಉಳಿದ ಹಿಟ್ಟನ್ನೆಲ್ಲ ಒಂದೇ ಸಲ ನಡುವೆ ಗುಡ್ಡೆ ಸುರೀರಿ. ಕಲಸಬೇಡಿ! ಹೊಸಬರು ಕೆಡಿಸೋದು ಇಲ್ಲೇ. ಸುರಿದ ತಕ್ಷಣ ಕಲಸಿದ್ರೆ ಒಣ ಹಿಟ್ಟಿನ ಸುತ್ತ ಬೆಂದ ಪದರ ಕಟ್ಟಿ, ಒಳಗೆ ಹಸಿ ಹಿಟ್ಟಿರೋ ಗಂಟು ಆಯ್ತದೆ. ಕೋಲಲ್ಲಿ ಗುಡ್ಡೆ ನಡುವೆ ಒಂದು ತೂತು ಮಾಡಿ, ಉರಿ 300-400ಕ್ಕೆ ಇಳಿಸಿ, ಮುಚ್ಚಿ ಐದಾರು ನಿಮಿಷ ಬಿಡಿ. ಎಸರು ತೂತಿಂದ ಮೇಲೆ ಬಂದು ಹಿಟ್ಟನ್ನ ಬೇಯಿಸ್ತದೆ.

ಆಮೇಲೆ ಇಳಿಸಿ ತಿರುವಿ. ಪಾತ್ರೆ ಗೋಡೆಗೆ ಒತ್ತಿ ಒತ್ತಿ ಎರಡು ನಿಮಿಷ. ಮತ್ತೆ ಒಲೆ ಮೇಲಿಟ್ಟು ಚೂರು ನೀರು ಚಿಮುಕಿಸಿ, ಮುಚ್ಚಿ, ಎರಡು ನಿಮಿಷ ಬೇಯಲಿ. ಬೆಂದಿದೆಯಾ ಅಂತ ತಿಳಿಯೋಕೆ ಒದ್ದೆ ಬೆರಳಲ್ಲಿ ಮುಟ್ಟಿ, ಅಂಟಿದ್ರೆ ಇನ್ನೂ ಬೆಂದಿಲ್ಲ. ಬೆಂದ ಹಿಟ್ಟು ಹೊಳೀತದೆ, ಬಣ್ಣ ಗಾಢ ಆಯ್ತದೆ. ಒದ್ದೆ ಮಾಡಿದ ಮರದ ಹಲಗೆ ಇಲ್ಲಾ ತುಪ್ಪ ಸವರಿದ ತಟ್ಟೆ ಮೇಲೆ ಬಿಸಿ ಇರುವಾಗ್ಲೇ ಕಟ್ಟಿ. ಆರಿದ್ರೆ ಬಿರುಕು ಬಿಡ್ತದೆ.

ಹೊಸ ಒಲೆ
ಕೋಲಿಲ್ಲ. ಚಪಾತಿ ಲಟ್ಟಣಿಗೆ ಆಗುತ್ತಾ?

ಮುದ್ದೆ ಕೋಲು
ಹಿಡಿ ಇರೋ ಲಟ್ಟಣಿಗೆ ಬೇಡ, ಕುತ್ತಿಗೆ ಹತ್ರ ಮುರೀತದೆ. ಒಂದೇ ದಪ್ಪ ಇರೋ ಲಟ್ಟಣಿಗೆ ಪರವಾಗಿಲ್ಲ. ಕೋಲು ಒಂದೂವರೆ ಅಡಿ ಇದ್ರೆ ಕೈಗೆ ಉಗಿ ಹೊಡೆಯಲ್ಲ.

ವಾಷರ್ ಅಂಗಡಿ
ಇಷ್ಟೆಲ್ಲ ಬೇಡ ಅನ್ನೋರಿಗೆ ಇನ್ನೊಂದು ದಾರಿ ಇದೆ. ಒಂದು ಲೋಟ ಹಿಟ್ಟನ್ನ ಎರಡು ಲೋಟ ತಣ್ಣೀರಲ್ಲೇ ಗಂಟಿಲ್ಲದೆ ಕದಡಿ, ನಾನ್‌ಸ್ಟಿಕ್ ಬಾಣಲೆಗೆ ಹಾಕಿ 600 ವಾಟ್‌ನಲ್ಲಿ ಮರದ ಸಟ್ಟುಗದಿಂದ ಬಿಡದೆ ತಿರುವುತ್ತಾ ಹೋಗಿ. ಎಂಟು ಹತ್ತು ನಿಮಿಷಕ್ಕೆ ತಳ ಬಿಟ್ಟು ಒಂದಾಗುತ್ತೆ. ಉಪ್ಪಿಟ್ಟು ಮಾಡೋಷ್ಟೇ ಕಷ್ಟ.

ಮುದ್ದೆ ಕೋಲು
ಆಯ್ತದೆ, ಇಲ್ಲ ಅನ್ನಲ್ಲ. ಆದ್ರೆ ಅದು ಜಿಗುಟು. ಎಸರಲ್ಲಿ ಗುಡ್ಡೆ ಹಾಕಿ ಬೇಯಿಸಿದ ಮುದ್ದೆ ಮುರಿದ್ರೆ ಕತ್ತರಿಸಿದ ಹಾಗೆ ಬತ್ತದೆ, ನುಂಗೋಕೆ ಸಲೀಸು. ಕದಡಿ ಮಾಡಿದ್ದು ಬೆರಳಿಗೆ ಎಳೀತದೆ. ಒಂದು ಹಿಡಿ ಅಕ್ಕಿ ನುಚ್ಚು ಮೊದಲೇ ಎಸರಲ್ಲಿ ಬೇಯಿಸ್ಕೊಂಡ್ರೆ ಜಿಗುಟು ಸ್ವಲ್ಪ ತಗ್ಗತದೆ. ನುಚ್ಚು ಹಾಕಿದ್ರೆ ನೀರು ಅರ್ಧ ಲೋಟ ಜಾಸ್ತಿ. ಇನ್ನೊಂದು: ತಿಳಿಸಾರಿಗೆ ಮುದ್ದೆ ಉಣ್ಣಬೇಡಿ ಸ್ವಾಮಿ. ಉಪ್ಪುಸಾರು, ಬಸ್ಸಾರು, ಹುರುಳಿಕಾಳು ಸಾರು ಇದ್ರೇನೇ ಅದಕ್ಕೆ ಜೊತೆ.

ಗಂಜಿ ಊಟ
ಮುದ್ದೆ, ಸಾರು ಎಲ್ಲ ಆಯಿತು, ಕುಚ್ಚಲಕ್ಕಿ ಗಂಜಿಯನ್ನು ಮರೆತೇ ಬಿಟ್ಟಿರಲ್ಲ ಮಾರಾಯ್ರೇ. ಜ್ವರ ಬಂದವರಿಗೂ ಆಗ್ತದೆ, ಮಳೆಗಾಲದ ರಾತ್ರಿಗೂ ಆಗ್ತದೆ. ತೆರೆದ ಪಾತ್ರೆಯಲ್ಲಿ ಕುಚ್ಚಲಕ್ಕಿ ಬೇಯಲಿಕ್ಕೆ ಮುಕ್ಕಾಲು ಗಂಟೆಗಿಂತ ಹೆಚ್ಚು ಬೇಕು, ಇಂಡಕ್ಷನ್ನಿನಲ್ಲಿ ಕರೆಂಟ್ ಬಿಲ್ಲು ನೋಡಬೇಕಲ್ಲ? ಕುಕ್ಕರಿನಲ್ಲಿ ಹೀಗೆ ಮಾಡಿ. ಅಕ್ಕಿ ಮೂರು ಸಲ ತೊಳೆದು, ಒಂದು ಲೋಟಕ್ಕೆ ಐದು ಲೋಟ ನೀರು ಹಾಕಿ. 3 ಲೀಟರ್ ಕುಕ್ಕರಿಗೆ ಒಂದು ಲೋಟಕ್ಕಿಂತ ಹೆಚ್ಚು ಅಕ್ಕಿ ಬೇಡ, ಅರ್ಧ ದಾಟಿದರೆ ಗಂಜಿ ಸೀಟಿಯಲ್ಲಿ ಹಾರುತ್ತದೆ. ಎರಡು ಸೀಟಿ, ಆಫ್. ಮುಟ್ಟಬೇಡಿ, ಅರ್ಧ ಗಂಟೆ ಬಿಡಿ. ಪುನಃ ಒಂದು ಸೀಟಿ, ಆಫ್, ಹತ್ತಿಪ್ಪತ್ತು ನಿಮಿಷ. ಒಲೆ ಉರಿಯುವುದು ಹೆಚ್ಚೆಂದರೆ ಕಾಲು ಗಂಟೆ, ಉಳಿದದ್ದು ಕುಕ್ಕರಿನ ಬಿಸಿಯಲ್ಲಿಯೇ ಆಗ್ತದೆ. ಉಪ್ಪು ಬಡಿಸುವಾಗ. ಜೊತೆಗೆ ಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ. ಒಂದು ಚಮಚ ತುಪ್ಪ ಇದ್ದರೆ ಮತ್ತೇನೂ ಬೇಡ.

ರುಬ್ಬುಗುಂಡು
ಇಡ್ಲಿ ಕಲ್ಲಾಗೋದು ಮಿಕ್ಸಿಯ ಬಿಸಿಗೆ, ಮಿಕ್ಸಿಗಲ್ಲ. ಗ್ರೈಂಡರಿನ ಕಲ್ಲು ನಿಧಾನ ತಿರುಗುತ್ತೆ, ಉದ್ದಿಗೆ ಗಾಳಿ ಸೇರಿಸುತ್ತೆ. ಮಿಕ್ಸಿ ಬ್ಲೇಡು ಕತ್ತರಿಸುತ್ತೆ, ಹಿಟ್ಟು ಕಾಯುತ್ತೆ. ಜಾರ್ ಮುಟ್ಟಿ ಬೆಚ್ಚಗಿದೆ ಅನಿಸಿದರೆ ಹಿಟ್ಟು ಉಬ್ಬೋದು ಆಗಲೇ ಅರ್ಧ ಹೋಯ್ತು. ಹಾಗಾಗಿ ತಣ್ಣಗೆ ರುಬ್ಬಬೇಕು.

ಒಂದು ಲೋಟ ಗುಂಡು ಉದ್ದಿನಬೇಳೆ, ಒಂದು ಚಮಚ ಮೆಂತ್ಯ. ನಾಲ್ಕು ಗಂಟೆ ಫ್ರಿಜ್‌ನಲ್ಲಿ ನೆನೆಸಿ. ಸೀಳಿದ ಬೇಳೆಗಿಂತ ಗುಂಡು ಬೇಳೆ ಚೆನ್ನಾಗಿ ಉಬ್ಬುತ್ತೆ. ಎರಡು ಲೋಟ ಇಡ್ಲಿ ರವೆ ಬೇರೆ ತೊಳೆದು, ಮುಳುಗೋಷ್ಟು ನೀರಲ್ಲಿ ಒಂದು ಗಂಟೆ ಬಿಟ್ಟು, ಹಿಂಡಿ ಇಟ್ಟುಕೊಳ್ಳಿ. ಅಕ್ಕಿ ರುಬ್ಬೋ ಕೆಲಸವೇ ಇಲ್ಲ, 500 ವಾಟ್‌ಗೆ ಇದೇ ಸರಿ. ಉದ್ದನ್ನ ಎರಡು ಸರ್ತಿ ಮಾಡಿ ರುಬ್ಬಿ. ಜಾರ್ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ನೀರು ಐಸ್ ನೀರೇ ಆಗಬೇಕು, ಒಂದೊಂದು ಚಮಚ, ಒಟ್ಟು ಮುಕ್ಕಾಲು ಲೋಟದಿಂದ ಒಂದು ಲೋಟ. ಅರ್ಧ ನಿಮಿಷ ರುಬ್ಬಿ, ಅರ್ಧ ನಿಮಿಷ ನಿಲ್ಲಿಸಿ, ಅಂಚು ಕೆರೆದು ಮತ್ತೆ. ಒಂದು ತೊಟ್ಟು ಹಿಟ್ಟು ನೀರಿನ ಬಟ್ಟಲಿಗೆ ಬಿಟ್ಟರೆ ತೇಲಬೇಕು. ಮುಳುಗಿದರೆ ಇನ್ನೂ ರುಬ್ಬಿ.

ರವೆ, ಒಂದೂವರೆ ಚಮಚ ಉಪ್ಪು ಹಾಕಿ ಕೈಯಲ್ಲೇ ಎರಡು ನಿಮಿಷ ಕಲಸಿ. ಪಾತ್ರೆ ಹಿಟ್ಟಿನ ಎರಡರಷ್ಟು ದೊಡ್ಡದಿರಲಿ. ಬೇಸಿಗೆಗೆ ಎಂಟು ಗಂಟೆ ಸಾಕು. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ರಾತ್ರಿಗೆ 14 ಗಂಟೆಯೂ ಹಿಡಿಯುತ್ತೆ. ಆಗ ಪಾತ್ರೆಯನ್ನ ಬಿಸಿ ನೀರಿನ ಬೋಗುಣಿಯಲ್ಲಿಟ್ಟು ಕಂಬಳಿ ಹೊದಿಸಿ. ಉಬ್ಬಿದ ಹಿಟ್ಟನ್ನ ಮತ್ತೆ ಕದಡಬೇಡಿ, ಗಾಳಿ ಹೋದರೆ ಮುಗೀತು. ಮೇಲಿಂದ ಸೌಟಲ್ಲಿ ಎತ್ತಿ ತಟ್ಟೆಗೆ ಬಿಡಿ. ಕುಕ್ಕರ್ ತಳಕ್ಕೆ ಎರಡು ಲೋಟ ನೀರು, ಉಗಿ ಬಂದ ಮೇಲೆ ತಟ್ಟೆ ಒಳಗೆ, ವೆಯಿಟ್ ಇಲ್ಲದೆ ಹನ್ನೊಂದು ಹನ್ನೆರಡು ನಿಮಿಷ. ಹದಿನೈದು ದಾಟಿದರೆ ಒಣಗುತ್ತೆ. ತೆಗೆದು ಮೂರು ನಿಮಿಷ ಆರಲಿ, ಒದ್ದೆ ಚಮಚದಿಂದ ಬಿಡಿಸಿ.

ಗ್ರೈಂಡರ್ ವಿಷಯ: ವಾರಕ್ಕೊಂದು ಸಲ ಇಬ್ಬರಿಗೆ ಇಡ್ಲಿ ಅಂದರೆ ಬೇಡ. ನಾಲ್ಕು ಜನ, ವಾರಕ್ಕೆರಡು ಸಲ ಹಿಟ್ಟು ಅಂದರೆ 2 ಲೀಟರ್ ಟೇಬಲ್‌ಟಾಪ್ ತಗೊಳ್ಳಿ. ಒಂದೇ ಲೋಟ ಉದ್ದು ಹಾಕಿದರೆ ಅದರಲ್ಲಿ ಕಲ್ಲಿಗೆ ಸಿಗಲ್ಲ, ಅಂಚಿಗೆ ಅಂಟಿ ಕೂರುತ್ತೆ. ಇದನ್ನ ಅಂಗಡಿಯವರು ಹೇಳಲ್ಲ.

ಖಡಕ್ ರೊಟ್ಟಿ
ರುಬ್ಬೂದ ಬ್ಯಾಡ ಅಂದ್ರ ರವಾ ಇಡ್ಲಿ ಮಾಡ್ರಿ. ಎರಡನೇ ಮಹಾಯುದ್ಧದ ಕಾಲಕ್ಕ ಅಕ್ಕಿ ಸಿಗದಾಗ ಕಂಡು ಹಿಡಿದದ್ದು ಅಂತ ಎಂ.ಟಿ.ಆರ್.ನವರು ಹೇಳ್ತಾರ. ಒಂದು ಲೋಟ ಮಧ್ಯಮ ರವಾ ತುಪ್ಪದಾಗ ಹುರದು ಆರಿಸಿ, ಮುಕ್ಕಾಲು ಲೋಟ ಗಟ್ಟಿ ಮೊಸರು ಹಾಕ್ರಿ, ಹುಳಿ ಮಜ್ಜಿಗಿ ಅಲ್ಲ. ಇಪ್ಪತ್ತು ನಿಮಿಷ ನೆನೀಲಿ, ಗಟ್ಟಿಯಾದ್ರ ನೀರು ಬೆರಸ್ರಿ. ಈನೋ ಒಂದು ಚಮಚ ತಟ್ಟಿಗೆ ಹಾಕೂ ಮುಂದ, ಅದಕ್ಕಿಂತ ಮೊದಲಲ್ಲ. ಹಾಕಿ ಐದು ನಿಮಿಷ ಬಿಟ್ರ ಗುಳ್ಳಿ ಎಲ್ಲಾ ಹಾರಿ ಹೋಗಿ ಇಡ್ಲಿ ಹಪ್ಪಳ ಆಗ್ತದ.

ಹೊಸ ಒಲೆ
ಉದ್ದು ರುಬ್ಬುವಾಗ ಮಿಕ್ಸಿ ಟಕ್ ಅಂತ ನಿಂತುಹೋಯ್ತು. ಸುಟ್ಟಿತಾ?

ವಾಷರ್ ಅಂಗಡಿ
ಸುಟ್ಟ ವಾಸನೆ ಇಲ್ಲದಿದ್ದರೆ ಓವರ್‌ಲೋಡ್ ಸ್ವಿಚ್ ಬಿದ್ದಿರುತ್ತೆ. ಪ್ಲಗ್ ಕೀಳಿ, ಮಿಕ್ಸಿ ಮಗುಚಿ, ತಳದಲ್ಲಿ ಒಂದು ಸಣ್ಣ ಗುಂಡಿ ಇರುತ್ತೆ, ಹೆಚ್ಚಾಗಿ ಕೆಂಪು. ಹತ್ತು ನಿಮಿಷ ಆರಿದ ಮೇಲೆ ಒತ್ತಿ. ಜಾರ್‌ನಲ್ಲಿರೋದನ್ನ ಅರ್ಧ ತೆಗೆದು, ಎರಡು ಚಮಚ ನೀರು ಹಾಕಿ ಶುರು ಮಾಡಿ. ಮತ್ತೆ ಮತ್ತೆ ಬೀಳ್ತಾ ಇದ್ದರೆ ಜಾರ್ ಬ್ಲೇಡನ್ನ ಕೈಯಲ್ಲಿ ತಿರುಗಿಸಿ ನೋಡಿ. ಬಿಗಿ ಇದ್ದರೆ ಬ್ಲೇಡಿನ ಕಡ್ಡಿ ತಿರುಗೋ ಬುಷ್ ಹೋಗಿದೆ, ಮೋಟಾರು ಸರಿ ಇದೆ. ಜಾರ್ ತಳದಿಂದ ಕಪ್ಪು ನೀರು ಸೋರೋದೂ ಅದೇ ಕಾರಣಕ್ಕೆ. ಬುಷ್ ಬದಲಿಸೋದು ಸಣ್ಣ ಖರ್ಚು, ಹೊಸ ಜಾರ್ ಮಾರೋಕೆ ಬಂದರೆ ಒಪ್ಪಬೇಡಿ.

ಕುಕ್ಕರ್ ಗ್ಯಾಸ್ಕೆಟ್ ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಹೇಳ್ತೀನಿ. ಮುಚ್ಚಳದ ಅಂಚಲ್ಲಿ ಉಗಿ ಸೋರಿದರೆ ರಬ್ಬರ್ ಸಡಿಲ ಆಗಿದೆ. ಫ್ರೀಜರ್‌ನಲ್ಲಿ ಹತ್ತು ನಿಮಿಷ ಇಟ್ಟು ಹಾಕಿದರೆ ಆ ಹೊತ್ತಿನ ಅಡುಗೆ ಮುಗಿಯುತ್ತೆ, ಅಷ್ಟೇ. ಹೊಸದು ತರುವಾಗ ಅದೇ ಕಂಪನಿ, ಅದೇ ಲೀಟರ್. ತೊಳೆದ ಮೇಲೆ ಮುಚ್ಚಳಕ್ಕೆ ಸಿಕ್ಕಿಸಿಡದೆ ಬಿಡಿಯಾಗಿ ಇಟ್ಟರೆ ಜಾಸ್ತಿ ದಿನ ಬಾಳುತ್ತೆ. ಸೇಫ್ಟಿ ವಾಲ್ವ್ ಕರಗಿ ಉಗಿ ಬಂದರೆ ಅದನ್ನ ಎಂ-ಸೀಲ್ ಹಾಕಿ ಮುಚ್ಚೋ ಕೆಲಸ ಯಾವತ್ತೂ ಮಾಡಬೇಡಿ.

ಹೊಸ ಒಲೆ
ಕೊನೇ ಪ್ರಶ್ನೆ. ಒಗ್ಗರಣೆ ಸೌಟು ಇಟ್ಟರೆ ಇಂಡಕ್ಷನ್ ಬೀಪ್ ಬೀಪ್ ಅಂತ ಆಫ್ ಆಗುತ್ತೆ. ಸೌಟು ಕಬ್ಬಿಣದ್ದೇ, ಅಯಸ್ಕಾಂತ ಅಂಟುತ್ತೆ.

ವಾಷರ್ ಅಂಗಡಿ
ತಳ ಸಣ್ಣದು. ಪಾತ್ರೆಯ ತಳ ಸುಮಾರು 12 ಸೆಂಟಿಮೀಟರ್‌ಗಿಂತ ಚಿಕ್ಕದಿದ್ದರೆ ಹೆಚ್ಚಿನ ಒಲೆಗಳು ಪಾತ್ರೆ ಇಲ್ಲ ಅಂತಲೇ ತಿಳಿಯುತ್ತವೆ.

ಸಾರಿನ ಸೌಟು
ಒಗ್ಗರಣೆ ಕೊನೆಗೇ ಆಗಬೇಕು ಅಂತೇನಿಲ್ಲ. ಸಾರಿನ ಪಾತ್ರೆಯಲ್ಲೇ ಮೊದಲು 500 ವಾಟ್‌ನಲ್ಲಿ ಎರಡು ಚಮಚ ತುಪ್ಪ ಕಾಯಿಸಿ. ಇಂಡಕ್ಷನ್ ಬಿಟ್ಟುಬಿಟ್ಟು ಉರಿಯುತ್ತೆ, ತುಪ್ಪ ಒಂದು ಕ್ಷಣಕ್ಕೆ ಹೊಗೆಯಾಡುತ್ತೆ. ಅದಕ್ಕೇ ಪಾತ್ರೆ ಓರೆ ಮಾಡಿ ತುಪ್ಪ ಒಂದು ಕಡೆ ಸೇರಿಸಿಕೊಳ್ಳಿ. ಸಾಸಿವೆ ಪೂರ್ತಿ ಸಿಡಿದು ಸುಮ್ಮನಾದ ಮೇಲೆ ಒಲೆ ಆಫ್, ಆಮೇಲೆ ಜೀರಿಗೆ, ಒಣಮೆಣಸಿನಕಾಯಿ, ಕರಿಬೇವು, ಕೊನೆಗೆ ಇಂಗು. ಅದರ ಅರ್ಧ ಬಟ್ಟಲಿಗೆ ತೆಗೆದಿಟ್ಟು, ಉಳಿದಿದ್ದಕ್ಕೆ ಹುಣಸೆ ನೀರು ಬಿಡಿ. ಸಾರು ಇಳಿಸಿದ ಮೇಲೆ ತೆಗೆದಿಟ್ಟ ಅರ್ಧ ಮೇಲೆ ಸುರಿದು ತಕ್ಷಣ ಮುಚ್ಚಿ.